ಅವರೊಬ್ಬರಿಗೇ ತಪ್ಪಿದ ತಾಳ

ಬಟಾಟೆ ಕುದಿಸಿದ ನೀರು ಬಸಿಯುತ್ತಿದ್ದಾಗ ಮಗಳ ಫೋನ್ ಬಂತು. ಯಜಮಾನರಿಗೆ ಡಯಾಲಿಸಿಸ್ ಶುರುವಾದಾಗಿನಿಂದ ಅವರ ಪಲ್ಯದ ಬಟಾಟೆಯನ್ನು ಪೊಟ್ಯಾಸಿಯಂ ಇಳಿಯಲೆಂದು ಎರಡು ಸಲ ಕುದಿಸಿ ನೀರು ಚೆಲ್ಲಬೇಕು. ದೇವರನ್ನು ನಂಬುವವಳು ನಾನು. ಆದರೆ ಯಾರಿಗೋ ಏನೋ ಮೊದಲೇ ತಿಳಿಯಿತು ಎಂಬ ಮಾತನ್ನು ಎರಡು ವರ್ಷದ ಹಿಂದೆ ಆ ಫೋನ್ ಬಂದ ಮಧ್ಯಾಹ್ನದವರೆಗೆ ನಂಬಿರಲಿಲ್ಲ.

ನಮ್ಮವರು ಇಚಲಕರಂಜಿಯಲ್ಲಿ ಮೂವತ್ತು ವರ್ಷ ಮಗ್ಗ ನಡೆಸಿದವರು. ಆ ಸದ್ದಿಗೆ ಕಿವಿ ಅರ್ಧ ಹೋಗಿದೆ. ವಾರಕ್ಕೆ ಎರಡು ಸಲ ಕೊಲ್ಲಾಪುರದ ಆಸ್ಪತ್ರೆಯಲ್ಲಿ ನಾಲ್ಕು ತಾಸು ಮಲಗಬೇಕು. ಮೊದಮೊದಲು "ಸಾಕ, ಬಿಡಸ್ರಿ" ಎಂದು ಗೋಳಾಡುತ್ತಿದ್ದರು. ಇಷ್ಟದ ಹಾಡು ಕೇಳಿಸಿ ನೋಡಿ ಎಂದರು ಅಲ್ಲಿಯ ಸಿಸ್ಟರ್. ಸೋಮವಾರದ ಭಜನೆಯಲ್ಲಿ ನಾನು ತಾಳ ಹಾಕಿ ಹಾಡಿದ್ದನ್ನು, ಅವರ ಜೊತೆ ಆಸ್ಪತ್ರೆಗೆ ಹೋಗುತ್ತಿದ್ದ ಮಗಳು ಫೋನಿನಲ್ಲಿ ತುಂಬಿಕೊಂಡಳು. ಅದನ್ನು ಕಿವಿಯ ಹತ್ತಿರ ಹಚ್ಚಿಟ್ಟರೆ ಸುಮ್ಮನಾಗುತ್ತಿದ್ದರು. ಪರದೆಯ ಆಚೆ ಡಯಾಲಿಸಿಸ್‌ಗೆ ಮಲಗುವ ಗಡಹಿಂಗ್ಲಜದ ಕಾಕಾ ಕೂಡ, "ತಂಗಿ ಹಾಡ ಜರಾ ಜೋರ ಹಚ್ಚರಿ, ನಾವೇನ ಪುಕಟ ಕೇಳಬಾರದೇನ?" ಅನ್ನುತ್ತಿದ್ದರು.

"ಅವ್ವಾ, ಅಪ್ಪ ಆರಾಮ ಅದಾನ, ಮೊದಲ ಅದನ್ನ ಕೇಳ," ಎಂದಳು ಮಗಳು. ಹಾಡು ನಡೆದಿತ್ತಂತೆ. ಕಣ್ಣು ಮುಚ್ಚಿ ಮಲಗಿದ್ದ ಇವರು ಒಮ್ಮೆಲೇ ಸೂಜಿಯಿಲ್ಲದ ಕೈ ಎತ್ತಿ, ನೂಲಿನ ಎಳೆ ಹರಿದಾಗ ಮಗ್ಗ ನಿಲ್ಲಿಸುವ ಹಾಗೆ ಗಾಳಿಯಲ್ಲೇ ಹಿಡಿಕೆ ಎಳೆದರಂತೆ. "ತಾಳ ತಪ್ಪೈತಿ! ಎಳಿ ಹರದೈತಿ, ನಿಲ್ಲಸ್ರಿ!" ಎಂದು ಕೂಗಿದರಂತೆ. ಸಿಸ್ಟರ್ ಓಡಿ ಬಂದರು. ಇವರದೆಲ್ಲ ಸರಿಯಿತ್ತು. ತಿರುಗಿ ಹೋಗಲು ಹೊರಳುವಾಗ ಸಿಸ್ಟರ್ ಭುಜ ತಾಗಿ ಪರದೆ ಸರಿಯಿತು. ಆಚೆ ಕಾಕಾನ ಸೂಜಿ ಕಳಚಿ, ರಕ್ತ ಹೊದಿಕೆಯ ಒಳಗೊಳಗೇ ಹರಿಯುತ್ತಿತ್ತು. ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಅವರ ಯಂತ್ರ ಇನ್ನೂ ಎಚ್ಚರಿಕೆಗೆ ಕೂಗಿರಲಿಲ್ಲ.

ಕಾಕಾ ಉಳಿದರು. ಸಿಸ್ಟರ್ ಹತ್ತಿರದಲ್ಲಿದ್ದದ್ದು, ಪರದೆ ಸರಿದದ್ದು, ಫೋನಿನಲ್ಲಿ ಚಾರ್ಜ್ ಇದ್ದದ್ದು, ಎಲ್ಲವನ್ನೂ ದೇವರ ಮುಂದೆ ನಿಂತು ಎಣಿಸಿದೆ.

ಸಂಜೆ ಮನೆಗೆ ಬಂದ ನಮ್ಮವರು, "ಸಂಸಾರದಾಗ ಎಂದೂ ತಪ್ಪಲಾರದ ತಾಳ ಹಾಡಿನ್ಯಾಗ ತಪ್ಪಿಸಿದೆಲ್ಲ!" ಎಂದು ನಕ್ಕರು.

"ನಾ ತಪ್ಪಿಸಿಲ್ಲರೀ."

ಇಬ್ಬರೂ ಕೂತು ಹಾಡನ್ನು ಮೂರು ಸಲ ಕೇಳಿದೆವು. ತಾಳ ಎಲ್ಲಿಯೂ ತಪ್ಪಿರಲಿಲ್ಲ. ಅವರ ನಗು ನಿಂತಿತು. "ಹಂಗಾದರ ನಾ ಕೇಳಿದ್ದೇನ?" ಎಂದರು. ಆಸ್ಪತ್ರೆಯಲ್ಲಿ ಅವರು ಈಗಲೂ ಅದೇ ಹಾಡು ಬೇಕೆನ್ನುತ್ತಾರೆ. ಈಗ ನಾನೇ ಜೊತೆಗೆ ಹೋಗಿ ಹಚ್ಚಿ ಕೊಟ್ಟು, ಪಕ್ಕದಲ್ಲಿ ಕೂತು ಒಂದೊಂದು ತಾಳಕ್ಕೂ ಕಿವಿಗೊಡುತ್ತೇನೆ. ಇನ್ನೊಬ್ಬರ ಎಳೆ ಹರಿದದ್ದು ಅವರಿಗೆ ಕೇಳಿತು. ಅವರದು ಹರಿದರೆ ನನಗೆ ಕೇಳೀತೇ?

ಅಂದು ಸಂಜೆಯೂ ಇದೇ ಯೋಚನೆಯಲ್ಲಿ ಎದ್ದು ಅಡಿಗೆಮನೆಗೆ ಹೋದೆ. ಮಧ್ಯಾಹ್ನ ಬಸಿದಿಟ್ಟ ಬಟಾಟೆ ಪಾತ್ರೆಯಲ್ಲೇ ತಣ್ಣಗಾಗಿತ್ತು. ಎರಡನೆಯ ಸಲ ಕುದಿಸುವುದು ಬಾಕಿ ಇತ್ತು. ಹೊಸ ನೀರು ಹಾಕಿ ಒಲೆ ಹಚ್ಚಿದೆ.