ಶವವಾಹನದಲ್ಲಿ ಊಟಕ್ಕೆ ಹೋದದ್ದು

ನಮ್ಮಣ್ಣ ಹದಿನೇಳು ವರ್ಷದಿಂದ ಶವವಾಹನ ಓಡಿಸುತ್ತಿದ್ದಾನೆ. ಬಿಳಿ ವ್ಯಾನು, ಎರಡೂ ಪಕ್ಕ ಉದ್ದನೆಯ ಗಾಜು, ಒಳಗೆ ಹಳಿಯ ಮೇಲೆ ಜಾರುವ ಸ್ಟೀಲಿನ ಹಲಗೆ. ದಿನಾ ಬೆಳಿಗ್ಗೆ ಹಲಗೆಯನ್ನು ಸೋಪುನೀರಿನಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಅದರ ಪುಟ್ಟ ಚಕ್ರಗಳಿಗೆ ಎರಡೆರಡು ಹನಿ ಎಣ್ಣೆ ಬಿಡುತ್ತಾನೆ. "ಅಳೋರ ಮಧ್ಯೆ ಇದೊಂದು ಬೇರೆ ಕಿರುಚಬಾರದು" ಎನ್ನುವುದು ಅವನ ಹಟ.

ಅವನು ಹಾರ್ನ್ ಒತ್ತುವುದಿಲ್ಲ. ಗಂಟೆಗೆ ಇಪ್ಪತ್ತೈದು ಕಿಲೋಮೀಟರಿಗಿಂತ ಜೋರಾಗಿ ಹೋಗುವುದಿಲ್ಲ. ಹಿಂದೆ ಬರುವವರು ದಾರಿ ತಪ್ಪಬಾರದಲ್ಲ. ಹಿಂದೆ ಯಾರೂ ಬರದಿದ್ದಾಗಲೂ, ತರಕಾರಿ ತರಲು ಹೋದಾಗಲೂ ಅದೇ ಇಪ್ಪತ್ತೈದು. ಹಾಗಾಗಿ ಗೆಳೆಯರು ಅವನಿಗೆ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದಾರೆ.

ಊಟದ ವಿಷಯಕ್ಕೆ ಬಂದರೆ ಅಣ್ಣನದು ಡಬ್ಬಿಯ ಬಾಳು. ಡ್ರೈವರ್ ಸೀಟಿನಲ್ಲಿ ಕೂತು, ಒಂದು ಕಾಲು ಹೊರಗಿಟ್ಟು, ನಾಲ್ಕು ತುತ್ತಿನಲ್ಲಿ ಮುಗಿಸುತ್ತಾನೆ. ಸಾವಾದ ಮನೆಯವರಿಗೆ "ಡ್ರೈವರ್, ಊಟ ಆಯ್ತಾ" ಎಂದು ಕೇಳಲು ನೆನಪಾಗುವುದಿಲ್ಲ, ತಪ್ಪಲ್ಲ. ಮದುವೆಮನೆಯವರು ಅವನನ್ನು ಕರೆಯುವುದೇ ಇಲ್ಲ. ಕರೆದ ಒಬ್ಬಿಬ್ಬರೂ "ವ್ಯಾನು ಮಾತ್ರ ತರಬೇಡಿ, ಆ ಕಡೆ ಬೀದೀಲೂ ನಿಲ್ಲಿಸಬೇಡಿ" ಎಂದು ಸೇರಿಸುತ್ತಾರೆ. ಅಮ್ಮ ತೀರಿಕೊಂಡಾಗ ನನಗೆ ಐದು, ಅವನಿಗೆ ಹದಿನೈದು. ಅಂದಿನಿಂದ ಸೌಟು ಅವನ ಕೈಯಲ್ಲೇ. ಈಗ ನನಗೆ ಮದುವೆಯಾಗಿ ಎಂಟು ತಿಂಗಳ ಮಗಳಿದ್ದಾಳೆ. ಆದರೂ ನಮ್ಮ ಮನೆಗೆ ಬಂದರೆ ನಾನು ಬಡಿಸುವುದಕ್ಕೆ ಬಿಡದೆ ಸೌಟು ಕಿತ್ತುಕೊಂಡು ನನ್ನ ತಟ್ಟೆಗೇ ಸುರಿಯುತ್ತಾನೆ. ರೂಢಿ. ಏನು ಮಾಡುವುದು.

ಒಂದು ಸಂಜೆ ಟೈಲರ್ ಅಂಗಡಿಯಲ್ಲಿ ಮೂವರು ಗೆಳೆಯರು ಕೂತಿದ್ದರು: ಟೈಲರ್, ಪ್ಲಂಬರ್, ಅಣ್ಣ. ಮಗಳ ಲಂಗಕ್ಕೆ ಅಳತೆ ಕೊಡಲು ನಾನೂ ಹೋಗಿದ್ದೆ. ಪ್ಲಂಬರ್ ತನ್ನ ಅತ್ತೆಮನೆಯ ಔತಣದ ಕಥೆ ಹೇಳುತ್ತಿದ್ದ: ಸಾಕು ಸಾಕು ಅಂದರೂ ಬಿಡಲಿಲ್ಲ, ಕೈ ಅಡ್ಡ ಇಟ್ಟರೆ ಕೈಮೇಲೇ ಹಾಕಿದರು, ಹೀಗೆ.

ಅಣ್ಣ ನಗುತ್ತಲೇ ಹೇಳಿದ, "ನಂಗೆ ನಲವತ್ತು ತುಂಬ್ತಾ ಬಂತು ಕಣೋ. ಇನ್ನೂ ಒಬ್ರ ಮುಂದೆ 'ಸಾಕು' ಅನ್ನೋ ಪ್ರಸಂಗ ಬಂದಿಲ್ಲ. ಸಾಯೋದ್ರೊಳಗೆ ಒಂದ್ಸಲ ಅನ್ಬೇಕು."

ಟೈಲರ್ ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿಗೆ ಚುಚ್ಚಿದ. ಆಮೇಲೆ, ಬಟ್ಟೆ ಕತ್ತರಿಸುವ ಕಂದು ಕಾಗದವನ್ನು ಹಾಸಿ ಸೀಮೆಸುಣ್ಣದಲ್ಲಿ ರಸ್ತೆ ಎಳೆಯತೊಡಗಿದ.

ಎಂಬತ್ತೈದು ಕಿಲೋಮೀಟರ್ ದೂರದ ಹೊಳೆದಂಡೆಯ ಊರಿನಲ್ಲಿ ಒಬ್ಬ ಅಜ್ಜಿ ಭಾನುವಾರ ಭಾನುವಾರ ಮನೆಯಲ್ಲೇ ಊಟ ಹಾಕುತ್ತಾಳಂತೆ. ಹೊಳೆಯ ಮೀನು, ಹಿತ್ತಲ ಸೊಪ್ಪು, ಆ ಊರಿನ ಕೆಂಪಕ್ಕಿ, ಹೊರಗಿನದೆಂದರೆ ಉಪ್ಪೊಂದೇ. ಮೂವತ್ತು ಜನಕ್ಕೆ ಮಾತ್ರ, ಬಾಗಿಲು ತೆಗೆಯುವುದು ಎರಡು ಗಂಟೆಗೆ. ಆದರೆ ಅವಳ ಹೆಸರು ಓಡಾಡುವುದು ರುಚಿಗಿಂತ ಬಲವಂತಕ್ಕೆ. "ಆಯಮ್ಮನ ಸೌಟಿಗೆ ಕಣ್ಣಿಲ್ಲ, ಕಿವೀನೂ ಇಲ್ಲ" ಎಂದ ಟೈಲರ್. ದಾರಿಯಲ್ಲಿ ತಿಂಡಿಗೆ ಇನ್ನೊಂದು ಪ್ರಸಿದ್ಧ ಗುಡಾರವಿತ್ತು. ಪ್ಲಂಬರನ ಭಾವಮೈದುನ ಕಾರು ಕೊಡುತ್ತೇನೆಂದ.

ಭಾನುವಾರ ಬೆಳಿಗ್ಗೆ ಕಾರಿನ ಗೇರು ಕೈಗೇ ಕಿತ್ತುಬಂತು. ಪ್ಲಂಬರ್ ಅದನ್ನು ಹಿಡಿದುಕೊಂಡೇ ಬಂದು ತೋರಿಸಿದ. ಮೂವರೂ ಸ್ವಲ್ಪ ಹೊತ್ತು ಗೇರನ್ನು ನೋಡಿದರು, ಆಮೇಲೆ ವ್ಯಾನನ್ನು ನೋಡಿದರು.

"ಹಲಗೆ ಈಗ ತಾನೇ ತೊಳೆದಿದ್ದೀನಿ" ಎಂದ ಅಣ್ಣ.

ನನ್ನ ಗಂಡನಿಗೆ ಆ ವಾರ ಹಗಲು ಪಾಳಿ. ಮಗಳಿಗೆ ಹಲ್ಲು ಬರುತ್ತಿದ್ದು, ಮೂರು ದಿನದಿಂದ ಅವಳೂ ನಿದ್ದೆ ಮಾಡಿರಲಿಲ್ಲ, ನನ್ನನ್ನೂ ಬಿಟ್ಟಿರಲಿಲ್ಲ. ಅಣ್ಣನ ಇಪ್ಪತ್ತೈದರ ವೇಗಕ್ಕೆ ಮಗು ಮಲಗುತ್ತದೆನ್ನುವುದು ನನಗೆ ಗೊತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಹೊರಟದ್ದು ಊಟಕ್ಕಲ್ಲ, ನಿದ್ದೆಗೆ. ಗಂಡಸರು ಮೂವರೂ ಮುಂದೆ ಕೂತರು. ನಾನು ಹಲಗೆಯ ಮೇಲೆ ರಜಾಯಿ ಹಾಸಿ, ಮಗಳನ್ನು ಪಕ್ಕದಲ್ಲಿ ಹಾಕಿಕೊಂಡು, ಬಿಸಿಲು ಬೀಳದ ಹಾಗೆ ಬಿಳಿ ದುಪ್ಪಟಿಯನ್ನು ತಲೆತನಕ ಎಳೆದುಕೊಂಡೆ. ಮುಂದಿನ ತಿರುವು ಬರುವುದರೊಳಗೆ ಇಬ್ಬರಿಗೂ ನಿದ್ದೆ.

ಎಚ್ಚರವಾಗಿದ್ದು ಯಾರೋ ಬಿಕ್ಕುವ ಸದ್ದಿಗೆ. ವ್ಯಾನು ನಿಂತಿತ್ತು. ತಿಂಡಿಯ ಗುಡಾರದ ಮುಂದೆ ಜನ ಬೆಂಚಿನಿಂದ ಎದ್ದು, ಟೋಪಿ ತೆಗೆದು, ಕೈಯಲ್ಲಿ ತಟ್ಟೆ ಹಿಡಿದುಕೊಂಡೇ ತಲೆ ತಗ್ಗಿಸಿದ್ದರು. ಗಾಳಿಗೆ ದುಪ್ಪಟಿ ಸರಿದು ನನ್ನ ಪಾದವೂ ಮಗಳ ಪುಟ್ಟ ಪಾದವೂ ಗಾಜಿಗೆ ಕಾಣುತ್ತಿದ್ದವು. ಮೀಸೆ ಬಿಟ್ಟಿದ್ದ ಗುಡಾರದವನು ಅವುಗಳನ್ನೇ ನೋಡುತ್ತ ಭುಜದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ.

"ನಾವು ತಿಂಡಿಗೆ ಬಂದಿರೋದು" ಎಂದು ಟೈಲರ್ ಹೇಳುತ್ತಿದ್ದ.

"ನಿಮ್ಮ ಗುಂಡಿಗೆ ಗಟ್ಟಿ ಸ್ವಾಮಿ" ಎಂದ ಗುಡಾರದವನು.

ಅಷ್ಟರಲ್ಲಿ ಮಗಳು ಸೀನಿದಳು. ನಾನು ಎದ್ದು ಕೂತು, ಅಭ್ಯಾಸಬಲದಿಂದ ಅವಳ ಮೂಗು ಒರೆಸಿದೆ.

ಆಮೇಲಿನದನ್ನು ವಿವರಿಸಲು ನನಗೆ ಸಂಕೋಚ. ಒಬ್ಬ ಕೈಯಲ್ಲಿದ್ದ ಕೆಟಲ್ ಬೀಳಿಸಿದ. ಒಬ್ಬ ಬೈಕಿನ ಮೇಲೆ ಹತ್ತಿ, ಸ್ಟ್ಯಾಂಡು ತೆಗೆಯದೆ ಅಲ್ಲೇ ಓಡಿಸಿದ. ಗುಡಾರದವನು ಮಾತ್ರ ಓಡಲಿಲ್ಲ. ನಾನು ಕೆಳಗಿಳಿದು, "ಗಾಬರಿ ಆಗ್ಬೇಡಿ ಅಣ್ಣಾ, ಮಲಗಿದ್ದೆ" ಎಂದೆ. ಆತ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಜೋಳದ ಉಂಡೆಗಳನ್ನು ಎರಡೂ ಕೈಯಲ್ಲಿ ಬಾಚಿ ಪೊಟ್ಟಣಕ್ಕೆ ತುಂಬಿ, ನನ್ನ ಕಡೆ ನೋಡದೆ ಪ್ಲಂಬರನಿಗೆ ಕೊಟ್ಟ. "ದಯವಿಟ್ಟು ಹೊರಡಿ."

"ನೋಡ್ದ್ಯಾ" ಎಂದ ಅಣ್ಣ, ವ್ಯಾನು ಹೊರಡಿಸುತ್ತ. "ಪೊಟ್ಟಣ ಕೊಟ್ಟು ಕಳಿಸ್ತಾರೆ. ಯಾವಾಗ್ಲೂ ಹಿಂಗೇ." ಉಂಡೆ ಮಾತ್ರ ಬೆಣ್ಣೆಯ ಹಾಗಿತ್ತು.

ಹೊಳೆಯ ರಸ್ತೆಗೆ ಬಂದ ಮೇಲೆ ಹಿಂದೆ ಒಂದು ಕಾರು ಕಾಣಿಸಿಕೊಂಡಿತು. ರಸ್ತೆ ಅಗಲವಾಗೇ ಇತ್ತು, ಆದರೆ ಆತ ಮುಂದೆ ಹೋಗಲಿಲ್ಲ. ದೀಪ ಹಾಕಿಕೊಂಡು ಹಿಂದೆಯೇ ಬಂದ. ಅವನ ಹಿಂದೆ ಒಂದು ಟೆಂಪೊ. ಅದರ ಹಿಂದೆ ಇನ್ನೊಂದು ಕಾರು. ಪ್ಲಂಬರ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಮುಂದೆ ಹೋಗಿ, ಹೋಗಿ ಎಂದು ಕೈ ಬೀಸಿದ. ಅವರೂ ದುಃಖದಿಂದ ಕೈ ಬೀಸಿದರು.

"ಸ್ವಲ್ಪ ತುಳಿಯೋ ಎಕ್ಸ್‌ಪ್ರೆಸ್, ಹನ್ನೆರಡಾಯ್ತು" ಎಂದ ಟೈಲರ್.

"ತುಳಿದ್ರೆ ಹಿಂದಿನೋರು ತಪ್ಪಿಹೋಗ್ತಾರೆ."

"ಅವ್ರು ನಮ್ಮೋರಲ್ಲ ಕಣೋ."

"ಹಿಂದೆ ಬರ್ತಿದಾರಲ್ಲ" ಎಂದ ಅಣ್ಣ. ಅವನ ಲೆಕ್ಕದಲ್ಲಿ ಅಷ್ಟು ಸಾಕು.

ಒಂದು ಊರು ದಾಟುವಾಗ ಕೆಂಪು ಕೋಟಿನ ಬ್ಯಾಂಡ್‌ನವರ ಮಿನಿಬಸ್ಸು ಬಂದು ಸೇರಿಕೊಂಡಿತು. ಯಾವುದೋ ಅಂಗಡಿಯ ಉದ್ಘಾಟನೆಗೆ ನುಡಿಸಿ ವಾಪಸು ಹೊರಟಿದ್ದರು. ಶವವಾಹನದ ಹಿಂದೆ ಸುಮ್ಮನೆ ಹೋಗಲು ಅವರಿಗೆ ಮನಸ್ಸು ಒಪ್ಪಲಿಲ್ಲವೆಂದು ಕಾಣುತ್ತದೆ. ಕಿಟಕಿಯಿಂದ ತುತ್ತೂರಿಗಳು ಹೊರಬಂದವು. ಎಷ್ಟು ನಿಧಾನವಾದ, ಎಷ್ಟು ಕರುಳು ಹಿಂಡುವ ರಾಗವೆಂದರೆ, ಸತ್ತವರು ಯಾರೂ ಇಲ್ಲವೆಂದು ಚೆನ್ನಾಗಿ ಗೊತ್ತಿದ್ದ ಟೈಲರನೂ ಎರಡು ಸಲ ಮೂಗು ಸೀಟಿದ.

ಅಜ್ಜಿಯ ಮನೆ ಮುಟ್ಟಿದಾಗ ಒಂದೂವರೆ. ಹಿಂದೆ ಹನ್ನೊಂದು ಗಾಡಿ, ನಲವತ್ತಾರು ಜನ. ಎಲ್ಲರೂ ಇಳಿದು ಹಸಿದ ಮುಖದಲ್ಲಿ ತಲೆ ತಗ್ಗಿಸಿ ನಿಂತರು. ಒಬ್ಬ ಹೂವು ಕೂಡ ತಂದಿದ್ದ.

ಅಜ್ಜಿ ಬಾಗಿಲಿಗೆ ಬಂದಳು. ಚಿಕ್ಕ ಆಳು, ಉದ್ದನೆಯ ಸೌಟು. "ಯಾರು ಹೋದದ್ದು?"

"ಯಾರೂ ಹೋಗಿಲ್ಲ ಅಜ್ಜಿ" ಎಂದ ಅಣ್ಣ. "ಊಟಕ್ಕೆ ಬಂದ್ವಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಮೊದಲ ಕಾರಿನ ದೊಡ್ಡ ಮನುಷ್ಯ ಮುಂದೆ ಬಂದು, "ಯಾರೂ ಹೋಗಿಲ್ಲ ಅಂದ್ರೆ? ನಾನು ಮೂವತ್ತು ಕಿಲೋಮೀಟರ್ ಅತ್ತಿದ್ದೀನಿ" ಎಂದ.

"ಅತ್ತೋರಿಗೆ ಹಸಿವು ಜಾಸ್ತಿ. ಬನ್ನಿ, ಊಟಕ್ಕೇಳಿ" ಎಂದು ಪ್ಲಂಬರ್ ಅವನ ಹೆಗಲ ಮೇಲೆ ಕೈ ಹಾಕಿದ. ಅಲ್ಲಿಯೇ ಎಡವಟ್ಟಾಯಿತು. ಒಬ್ಬನನ್ನು ಕರೆದ ಮೇಲೆ ನಲವತ್ತೈದು ಜನವನ್ನು ಬಿಡುವುದು ಹೇಗೆ?

ಅಜ್ಜಿ ಕಣ್ಣಲ್ಲೇ ತಲೆ ಎಣಿಸಿದಳು. "ಒಳಗೆ ಮೂವತ್ತು ಊಟ ಇದೆ. ಮೊದಲು ಬಂದೋರು ಮೊದಲು."

ಮೊದಲು ಬಂದವನು ಅಣ್ಣ. ಟೈಲರ್ ಅವನ ಬೆನ್ನಿಗೆ ಕೈ ಕೊಟ್ಟು ಬಾಗಿಲತ್ತ ನೂಕಿದ. ಅಣ್ಣ ಹೊಸ್ತಿಲತನಕ ಹೋದ, ಹಿಂದೆ ತಿರುಗಿ ನೋಡಿದ, ಬಾಗಿಲ ಪಕ್ಕಕ್ಕೆ ಸರಿದು ನಿಂತುಬಿಟ್ಟ. ಹದಿನೇಳು ವರ್ಷ ಅವನು ಮಾಡಿದ್ದು ಅದೇ: ಬಾಗಿಲು ತೆಗೆದು, ಪಕ್ಕಕ್ಕೆ ನಿಂತು, ಹಿಂದೆ ಬಂದವರನ್ನು ಮುಂದೆ ಬಿಡುವುದು. ವಯಸ್ಸಾದವರನ್ನು ಕೈಹಿಡಿದು ಹತ್ತಿಸಿದ. "ಮೆಟ್ಟಿಲು ನೋಡ್ಕೊಂಡು. ಚಪ್ಪಲಿ ಇಲ್ಲಿ ಬಿಡಿ. ಅಮ್ಮಾ, ನೀವು ಗಾಳಿ ಇರೋ ಕಡೆ ಕೂತ್ಕೊಳ್ಳಿ."

"ಲೋ ದಡ್ಡ, ನಿನಗೋಸ್ಕರ ಬಂದಿದ್ದು ಕಣೋ ನಾವು" ಎಂದ ಟೈಲರ್.

"ಆಮೇಲೆ ಕೂರ್ತೀನಿ ಬಿಡು."

ಆ ಆಮೇಲೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಟೈಲರನೂ ಪ್ಲಂಬರನೂ ಸಿಟ್ಟಿನಲ್ಲೇ ಕೂತು, ಸಿಟ್ಟಿನಲ್ಲೇ ಮೂರು ಸಲ ಮೀನು ಹಾಕಿಸಿಕೊಂಡರು. ನನ್ನ ತಟ್ಟೆಯನ್ನು ಅಜ್ಜಿ ನೋಡದೆಯೇ ತುಂಬಿಸುತ್ತಿದ್ದಳು; ಹಾಲೂಡಿಸುವವಳೆಂದು ಎರಡು ಸೌಟು ಹೆಚ್ಚಿಗೆ. ಬ್ಯಾಂಡಿನವರು ಎರಡನೇ ಪಂಕ್ತಿಗೆ ಕೂರುವ ಹೊತ್ತಿಗೆ ಮೂವತ್ತರ ಅಡುಗೆಯನ್ನು ಸಾರಿಗೆ ನೀರು ಬೆರೆಸಿ, ಅನ್ನಕ್ಕೆ ಸೊಪ್ಪು ಕಲಸಿ ಐವತ್ತಕ್ಕೆ ಎಳೆದಾಗಿತ್ತು. ಪಾತ್ರೆಯ ತಳ ಸೌಟಿಗೆ ತಾಗಿ ಠಣ್ ಎಂದಿತು.

ಅಣ್ಣ ಹೊರಗೆ ನಲ್ಲಿಯ ಹತ್ತಿರ ಎಲ್ಲರಿಗೂ ಕೈತೊಳೆಯಲು ನೀರು ಹಾಕುತ್ತಿದ್ದ. ನಾನು ಅಡುಗೆಮನೆಗೆ ಹೋಗಿ, "ಅಜ್ಜಿ, ನಮ್ಮಣ್ಣನ ಊಟ ಆಗಿಲ್ಲ" ಎಂದೆ. ಅವನು ಟೈಲರ್ ಅಂಗಡಿಯಲ್ಲಿ ಹೇಳಿದ ಮಾತನ್ನೂ ಹೇಳಿದೆ.

ಅಜ್ಜಿ ಖಾಲಿ ಪಾತ್ರೆ ನೋಡಿದಳು. "ಕರಿ ಅವನನ್ನ."

ಅಣ್ಣ ಬಂದು ಒಬ್ಬನೇ ಕೂತ. ಅಷ್ಟು ಉದ್ದದ ಪಡಸಾಲೆ, ಒಂದೇ ತಟ್ಟೆ. ಅಜ್ಜಿ ತಳ ಕೆರೆದು ಸೀಕಲು ಹಾಕಿದಳು. ತಿಂದ. ಮೀನಿನ ಸಾರಿನ ಪಾತ್ರೆ ತೊಳೆದ ಹಾಗೆ ಮಾಡಿ ಹುಯ್ದಳು. ಕುಡಿದ. ಇನ್ನು ಸಾಕೆನ್ನುತ್ತಾನೆ ಎಂದು ನಾವೆಲ್ಲ ಕಾದೆವು. ಅನ್ನಲಿಲ್ಲ. ಮುಖ ಎತ್ತಿ ಅಜ್ಜಿಯನ್ನು ನೋಡಿದ. 'ಸಾಕು' ಅನ್ನುವುದು ಕೇಳದೆ ನಿಲ್ಲಿಸುವ ಹೆಂಗಸಲ್ಲ ಅವಳು. ಹಿತ್ತಲ ಬಾಗಿಲಿಗೆ ಹೋಗಿ ಪಾತ್ರೆಯ ಮುಚ್ಚಳ ಬಡಿದಳು.

ಪಕ್ಕದ ಮನೆಯಿಂದ ಅವರೆಕಾಳು ಬಂತು. ಎದುರುಮನೆಯಿಂದ ಬೆಳಗಿನ ರೊಟ್ಟಿ. ಮೂಲೆಮನೆಯಾಕೆ ಸಂಜೆ ನೆಂಟರಿಗೆಂದು ಮಾಡಿಟ್ಟಿದ್ದ ಕುಂಬಳದ ಪಲ್ಯ ತಂದು, "ಅವ್ರಿಗೆ ಬೇರೆ ಮಾಡ್ತೀನಿ ಬಿಡಿ" ಎಂದಳು. ಬ್ಯಾಂಡ್ ಮೇಷ್ಟ್ರು ತಮ್ಮ ಬಸ್ಸಿನಿಂದ ಅರ್ಧ ಡಬ್ಬಿ ಮೊಸರನ್ನ ತಂದರು. ಅಣ್ಣ ಎಲ್ಲವನ್ನೂ ತಿಂದ. ಅವನ ಹಣೆಯಲ್ಲಿ ಬೆವರು. ಒಂದು ಗುಂಡಿ ಕಿತ್ತು ಹಾರಿತು. ಅದು ಟೈಲರ್ ಹೊಲಿದದ್ದು, ಆತ ಎದ್ದುಹೋಗಿ ಹುಡುಕಿಕೊಂಡ. ಊಟ ಮುಗಿಸಿದ ನಲವತ್ತಾರು ಜನ ಬಾಗಿಲು ಕಿಟಕಿಗಳಲ್ಲಿ ಸೇರಿ ನೋಡುತ್ತಿದ್ದರು.

ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪಿಸುಗುಟ್ಟಿದೆ, "ಹೊಟ್ಟೆ ತುಂಬಿಲ್ವಾ?"

"ರೊಟ್ಟಿಗೇ ತುಂಬ್ತು."

"ಮತ್ತೆ ಸಾಕು ಅನ್ನು."

"ಅಂದ್ರೆ ನಿಲ್ಲಿಸ್ತಾರಲ್ಲೇ" ಎಂದ ಅಣ್ಣ.

ಅಜ್ಜಿ ಸೌಟು ಹಿಡಿದು ಸುತ್ತ ನೋಡುತ್ತಿದ್ದಳು. ಬೀದಿಯ ಒಲೆಗಳೆಲ್ಲ ಬರಿದಾಗಿದ್ದವು. ನನ್ನ ಚೀಲದಲ್ಲಿ ಮಗಳಿಗೆಂದು ಕಲಸಿದ್ದ ಬಾಳೆಹಣ್ಣಿನ ಗಂಜಿಯ ಬಟ್ಟಲೊಂದಿತ್ತು. ತೆಗೆದುಕೊಟ್ಟೆ. ಅಜ್ಜಿ ಅದನ್ನು ಸೌಟಿಗೆ ಬಗ್ಗಿಸಿ ಅಣ್ಣನ ತಟ್ಟೆಯ ಮೇಲೆ ತಂದಳು. ನನ್ನ ಸೊಂಟದ ಮೇಲಿದ್ದ ಮಗಳು ಸೌಟನ್ನೂ ಮಾವನನ್ನೂ ನೋಡಿ ಕೆಳತುಟಿ ಹೊರಗೆ ಹಾಕಿದಳು.

ಅಣ್ಣ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟ. "ಸಾಕಮ್ಮ" ಎಂದ. 'ಅಜ್ಜಿ' ಅನ್ನಲಿಲ್ಲ, 'ಅಮ್ಮ' ಅಂದ.

ಟೈಲರ್ ಗೋಡೆಯ ಕಡೆ ತಿರುಗಿದ. ಬ್ಯಾಂಡಿನ ಡ್ರಮ್ಮಿನವನು ಒಂದು ಏಟು ಹಾಕಿದ.

"ಒಂದ್ಸಲ ಅಂದ್ರೆ ಸಂಕೋಚಕ್ಕೆ ಅಂದಂಗೆ" ಎಂದಳು ಅಜ್ಜಿ. "ನಮ್ಮನೇಲಿ ಮೂರ್ಸಲ ಅನ್ಬೇಕು." ಗಂಜಿಯ ಅರ್ಧವನ್ನು ಅಣ್ಣನ ಕೈಮೇಲೇ ಹಾಕಿದಳು. ಉಳಿದರ್ಧ ಮಗಳಿಗೆ. ಅಣ್ಣ ಕೈ ನೆಕ್ಕಿದ, ಇನ್ನೊಂದು ಸಲ ಸಾಕು ಅಂದ, ಮೂರನೆಯದಕ್ಕೆ ದನಿಯೇ ಹೊರಡಲಿಲ್ಲ; ಬರೀ ತುಟಿಯಾಡಿಸಿದ್ದನ್ನೂ ಅಜ್ಜಿ ಒಪ್ಪಿಕೊಂಡಳು.

ಮರುದಿನ ಅವನಿಗೆ ಹೊಟ್ಟೆನೋವು. ಬಿಸಿನೀರು ಕೊಟ್ಟು ಮಲಗಿಸಿದರೆ ಮಲಗಲಿಲ್ಲ, ಬೀದಿಗೆ ಹೊರಟ. ಹಾಲಿನವಳಿಗೆ ಹೇಳಿದ, ಇಸ್ತ್ರಿಯವನಿಗೆ ಹೇಳಿದ, ಕಸದ ಗಾಡಿಯವನನ್ನು ನಿಲ್ಲಿಸಿ ಹೇಳಿದ. ನಾನು ಔಷಧಿ ಅಂಗಡಿಗೆ ಜೊತೆಯಲ್ಲಿ ಹೋದೆ.

"ಏನು ತಿಂದ್ರಿ?" ಎಂದು ಅಂಗಡಿಯವರು ಕೇಳಿದರು.

ಅಣ್ಣ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಕೌಂಟರಿಗೆ ಒರಗಿ, ಪಕ್ಕದಲ್ಲಿದ್ದ ನಾಲ್ಕು ಗಿರಾಕಿಗಳಿಗೂ ಕೇಳಿಸುವ ಹಾಗೆ ನಿಟ್ಟುಸಿರು ಬಿಟ್ಟ. "ತಿಂದೆ ಅನ್ನೋದಕ್ಕಿಂತ, ಬಿಡಲೇ ಇಲ್ಲ ಕಣ್ರೀ. ಬೇಡ ಬೇಡ ಅಂದ್ರೂ ಕೇಳಲಿಲ್ಲ."