ಅವರ ಪಾಲಿನ ವಚನ

ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಹಾವೇರಿಯಲ್ಲಿ ರಾಣೆಬೆನ್ನೂರಿನ ಬಸ್ಸು ಹತ್ತಿದೆ. ಚೀಲದಲ್ಲಿ ಬೈಬಲ್ಲು, ನೀರಿನ ಬಾಟಲಿ, ಬ್ಯಾಡಗಿಯ ಎಸ್ತೇರಕ್ಕನಿಗೆಂದು ನಾನೇ ಹೊಲಿದ ಎರಡು ಕುಪ್ಪಸ. ಹೆಂಗಸರಿಗೆ ಈಗ ಪ್ರಯಾಣ ಪುಕ್ಕಟೆ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೀಟು ಕೊಡುತ್ತಾನೆ. ಎಲ್ಲಿಗೆ ಹೊರಟೆ ಎಂದು ನೆರೆಮನೆಯವಳು ಕೇಳಿದಾಗ ಪ್ರಾರ್ಥನೆಗೆ ಎಂದಿದ್ದೆ. ಅದು ಅರ್ಧ ನಿಜ. ನನ್ನ ಜೊತೆ ಬೈಬಲ್ಲಿನ ಕೀರ್ತನೆ ಓದುವ ಇನ್ನೊಬ್ಬರನ್ನು ಹುಡುಕಿಕೊಂಡು ಹೊರಟಿದ್ದೆ.

ನಮ್ಮ ಮನೆಯಲ್ಲಿ ಕೀರ್ತನೆಗಳನ್ನು ಸರತಿಯಲ್ಲಿ ಓದುವುದು ರೂಢಿ. ಹಳೆಯ ಚರ್ಚಿನ ಸಭೆಗಳಲ್ಲಿ ಪಾದ್ರಿಗಳು, ಅಂದರೆ ಸಭಾಪಾಲಕರು, ಒಂದು ವಚನ, ಕೂತವರೆಲ್ಲ ಸೇರಿ ಮುಂದಿನ ವಚನ ಓದುತ್ತಾರಲ್ಲ, ಹಾಗೆ. ಮೊದಲನೆಯದು ಯಜಮಾನರದು, ಎರಡನೆಯದು ನನ್ನದು, ಮೂರನೆಯದು ಮತ್ತೆ ಅವರದು. ಸಂಜೆ ನಾನು ಹೊಲಿಗೆ ಮಷೀನು ಮುಚ್ಚಿದ ಮೇಲೆ ಅವರು ಆ ದಿನಕ್ಕೆ ತಕ್ಕ ಕೀರ್ತನೆ ಹುಡುಕಿ ತೆಗೆಯುತ್ತಿದ್ದರು. ನಳದ ನೀರಿಗಾಗಿ ನಾನು ಬಾಯಿ ಮಾಡಿ ಬಂದ ದಿನ, ತುಟಿಗಳಿಗೆ ಕಾವಲು ಬೇಡುವ ಕೀರ್ತನೆ. ಗಿರಾಕಿಯೊಬ್ಬಳು ಮೋಸ ಮಾಡಿಯೂ ಮೆರೆಯುತ್ತಿದ್ದ ದಿನ, ಕೆಟ್ಟವರ ಏಳಿಗೆ ಕಂಡು ಉರಿದುಕೊಳ್ಳಬೇಡ ಎನ್ನುವ ಕೀರ್ತನೆ. ಬೈಸಿಕೊಂಡಂತೆಯೂ ಆಗುತ್ತಿತ್ತು, ಸಮಾಧಾನವೂ ಆಗುತ್ತಿತ್ತು.

ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅಂದಿನಿಂದ ಪುಸ್ತಕ ತೆರೆದರೆ ಮೊದಲ ವಚನಕ್ಕೇ ಬಾಯಿ ಕಟ್ಟುತ್ತದೆ. ಅದನ್ನು ನಾನು ಓದಿದರೆ, ಅವರು ಇನ್ನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಓದದೆ ಬಿಟ್ಟರೆ, ದಿನವನ್ನು ಹೇಗೆ ನಡೆಸಬೇಕು ಎಂದು ಹೇಳಲು ಮನೆಯಲ್ಲಿ ಮತ್ಯಾರೂ ಇಲ್ಲ. ತಿಂಗಳುಗಟ್ಟಲೆ ಹೀಗೇ ಆಯಿತು.

ಮೋಟೆಬೆನ್ನೂರಿನಲ್ಲಿ ಬುರ್ಖಾ ಹಾಕಿದ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ನನ್ನ ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು.

“ಏನ್ ಓದಾಕತ್ತೀರಿ ಅಕ್ಕಾರ?”

“ದಾವೀದನ ಕೀರ್ತನಿ ಅದಾವ್ರಿ.”

“ದಾವೂದ್ ಪೈಗಂಬರರದಽ? ನಾವು ಜಬೂರ್ ಅಂತೇವಿ,” ಎಂದು ಮುಖ ಅರಳಿಸಿದಳು. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, “ಮತ್ತ ಆಗಿಂದ ಒಂದಽ ಹಾಳಿ ನೋಡಾಕತ್ತೀರಲ್ರಿ?” ಎಂದಳು.

ಕನ್ನಡಕ ಸರಿಯಿಲ್ಲ ಎಂದೆ. ಪಾಪ, ಅವಳು ನಂಬಿ, ರಾಣೆಬೆನ್ನೂರಿನ ಒಳ್ಳೆಯ ಕಣ್ಣಿನ ಡಾಕ್ಟರ ವಿಳಾಸವನ್ನೆಲ್ಲ ವಿವರಿಸಿ ಹೇಳಿ ಇಳಿದಳು.

ರಾಣೆಬೆನ್ನೂರಿನ ಸಭೆ ಬಾಡಿಗೆಯ ಹಾಲ್‌ನಲ್ಲಿ ಸೇರುತ್ತದೆ. ಡ್ರಮ್ಮು, ಕೀಬೋರ್ಡು, ಗೋಡೆಯ ಮೇಲೆ ಪರದೆ. ಮಂದಿ ಒಳ್ಳೆಯವರು, ಕೈ ಹಿಡಿದು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಕೀರ್ತನೆ ಪರದೆಯ ಮೇಲೆ ಬಂದಾಗ ಎಲ್ಲರೂ ಒಟ್ಟಿಗೆ ಗಡಗಡ ಓದಿ ಮುಗಿಸಿದರು. ನನ್ನ ಸರತಿಗೆ ಕಾಯುತ್ತ ಕೂತ ನಾನು ಒಂದು ಸಾಲೂ ಓದಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ಕೂತಿರಲಿಲ್ಲ.

ಆರಾಧನೆ ಮುಗಿದ ಮೇಲೆ ಸಭಾಪಾಲಕರಿಗೆ ನನ್ನ ಕಷ್ಟ ಹೇಳಿದೆ. ಇನ್ನೂ ಸಣ್ಣ ವಯಸ್ಸಿನವರು, ಲಕ್ಷ್ಯವಿಟ್ಟು ಕೇಳಿದರು.

“ಅಮ್ಮಾರ, ಮೊಬೈಲ್ನ್ಯಾಗ ಬೈಬಲ್ ಓದಿ ಹೇಳೂದು ಐತ್ರಿ. ಹಾಕ್ಕೊಡ್ತೇನಿ, ತರ್ರಿ ಇಲ್ಲೆ.”

ಹಾಕಿಕೊಟ್ಟರು. ಬಸ್ ನಿಲ್ದಾಣದ ಹತ್ತಿರ ಗಿರ್ಮಿಟ್ಟು, ಚಹಾ ತೆಗೆದುಕೊಂಡು, ಬಿಸಿಲಿಗೆ ಬೆನ್ನು ಮಾಡಿ ಕೂತು ಕೇಳಿದೆ. ಗಂಡಸಿನ ಧ್ವನಿ, ಸ್ಪಷ್ಟ ಉಚ್ಚಾರ. ಆದರೆ ಆತ ಯಾರಿಗೂ ನಿಲ್ಲುವವನಲ್ಲ. ಒಂದನೆಯದು ಮುಗಿಸಿ ನನ್ನದನ್ನೂ ತಾನೇ ಓದಿ ಮುಂದೆ ಹೋದ. ಫೋನು ಚೀಲಕ್ಕೆ ಹಾಕಿ ಬ್ಯಾಡಗಿಯ ಬಸ್ಸು ಹತ್ತಿದೆ.

ಕದರಮಂಡಲಗಿಯಲ್ಲಿ ಆಂಜನೇಯನ ಗುಡಿಗೆ ಹೋಗುವವರೆಲ್ಲ ತೆಂಗಿನಕಾಯಿ ಚೀಲದ ಸಮೇತ ಇಳಿದರು. ಬಸ್ಸು ಭಣಗುಟ್ಟಿತು. ಬ್ಯಾಡಗಿ ಬರುವ ಮೊದಲೇ ಮೆಣಸಿನಕಾಯಿಯ ಘಾಟು ಬಂತು. ಮಾರುಕಟ್ಟೆಗೆ ಭಾನುವಾರ ರಜೆ ಇರಬಹುದು, ಸುಗ್ಗಿಯ ದಿನಗಳಲ್ಲಿ ಘಾಟಿಗೆ ರಜೆಯಿಲ್ಲ. ಇಳಿದವಳೇ ಸೀನುತ್ತ ಸೀನುತ್ತ ಆಟೋ ಹಿಡಿದೆ.

ಎಸ್ತೇರಕ್ಕ ನನ್ನ ಜೊತೆ ಗದಗಿನಲ್ಲಿ ಹೊಲಿಗೆ ಕಲಿತವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಹೋಗಿ ಹತ್ತು ವರ್ಷವಾಯಿತು. ತಂಗಿಯ ಮಗಳ ಮನೆಯಲ್ಲಿದ್ದಾಳೆ. ಕಣ್ಣಿಗೆ ಪೊರೆ ಬಂದು ಈಗ ಧ್ವನಿಯಿಂದಲೇ ಗುರುತು ಹಿಡಿಯುತ್ತಾಳೆ.

“ಶಾಂತಾ ಏನ? ಬಾರವ್ವಾ ಬಾ. ಒಬ್ಬಾಕೀನಽ ಬಂದೆಲ್ಲ?” ಎಂದವಳು, ಎಂದ ತಕ್ಷಣ ನಾಲಿಗೆ ಕಚ್ಚಿಕೊಂಡಳು.

ರೊಟ್ಟಿ, ಪುಂಡಿಪಲ್ಯೆ, ರಂಜಕ ಉಂಡೆವು. ಆಮೇಲೆ ನಾನು ಬಂದ ಕಾರಣ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಕೂತು, ಬೆಟ್ಟಗಳ ಕಡೆ ಕಣ್ಣೆತ್ತುವ ಕೀರ್ತನೆ ಓದೋಣ, ಅದು ತನಗೆ ಬಾಯಿಪಾಠ ಎಂದಳು. ನಾನು ಪುಸ್ತಕ ತೆರೆದು ಕಾದೆ. ಅವಳೂ ಕಾದಳು. ಒಳಗೆ ಕುಕ್ಕರು ಕೂಗಿತು. ಕೊನೆಗೆ ಇಬ್ಬರೂ ಒಮ್ಮೆಲೇ ಬಾಯಿ ತೆರೆದೆವು, ಇಬ್ಬರೂ ಎರಡನೆಯ ವಚನದಿಂದ!

ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಾವಿಬ್ಬರೂ ಹೆಂಡತಿಯರ ಪಾಲನ್ನೇ ಓದಿಕೊಂಡು ಬಂದವರು.

“ಹಂಗಾರ ಇಷ್ಟ್ ವರ್ಷ ನೀ ಹೆಂಗ ಓದಿದಿ ಅಕ್ಕಾ?”

“ಅವರ ವಚನ ಬಂದಲ್ಲಿ ಸುಮ್ಮನ ಇರತೇನಿ. ಅಷ್ಟೊತ್ತು ಬಿಟ್ಟು ನಂದು ಹೇಳತೇನಿ. ದೇವರಿಗೆ ತಿಳೀತೈತಿ ಬಿಡು. ಆದ್ರ ನನಗ ಬ್ಯಾಸರ ಆಗೇತಿ ಶಾಂತಾ. ಇವತ್ತರ ಅವರ ವಚನ ನೀ ಓದು. ಯಾರರ ಓದಿದ್ದು ಕೇಳಿ ಹತ್ತು ವರ್ಷ ಆತು,” ಎಂದಳು.

ಅವಳಿಗಾಗಿ ಓದಿದೆ. ನನಗಾಗಿ ಆಗಿದ್ದರೆ ಆಗುತ್ತಿರಲಿಲ್ಲ. ಸಹಾಯ ಎಲ್ಲಿಂದ ಬಂದೀತು ಎಂದು ಕೇಳುವ ವಚನ ಅದು. ಮೂವತ್ತು ವರ್ಷ ಅದನ್ನು ಯಜಮಾನರ ಬಾಯಲ್ಲಿ ಕೇಳಿದ್ದೆ. ಅದು ದಿಕ್ಕು ಕಾಣದವರ ಪ್ರಶ್ನೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಪ್ರಶ್ನೆ ಕೇಳುವ ಕಷ್ಟ ಅವರದಾಗಿತ್ತು, ಉತ್ತರ ಹೇಳುವ ಸುಖ ನನ್ನದು. ಎಸ್ತೇರಕ್ಕ ಕಾಣದ ಕಣ್ಣನ್ನು ನನ್ನ ಕಡೆ ತಿರುಗಿಸಿ, ಭೂಮಿ ಆಕಾಶ ಉಂಟುಮಾಡಿದವನಿಂದಲೇ ಎಂದು ನಿಧಾನವಾಗಿ ಉತ್ತರ ಹೇಳಿದಳು. ಹೀಗೇ ಕೊನೆಯವರೆಗೆ ಓದಿದೆವು.

“ಮತ್ತ ಬಾ,” ಎಂದಳು ಹೊಸ್ತಿಲಲ್ಲಿ ನಿಂತು. ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ನಾನು ಹೋದ ದಿಕ್ಕು ಬಿಟ್ಟು ಬೇರೆ ಕಡೆಗೆ ಕೈ ಬೀಸುತ್ತಿದ್ದಳು.

ಹಾವೇರಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೀಗ ತೆಗೆದು, ಮುಖ ತೊಳೆದು, ನನ್ನ ಜಾಗದಲ್ಲಿ ಕೂತು ಅದೇ ಕೀರ್ತನೆ ತೆರೆದೆ. ಮೊದಲು ಅವರ ಪಾಲು ಓದಿದೆ. ಉತ್ತರ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಇಷ್ಟು ವರ್ಷ ಸಲೀಸಾಗಿ ಹೇಳಿದ ನನ್ನ ವಚನವನ್ನು ಆ ಸಂಜೆ ಮೊದಲ ಸಲ ನಂಬಿ ಹೇಳಬೇಕಾಯಿತು, ಪ್ರಶ್ನೆ ಕೇಳಿದವಳೂ ನಾನೇ ಆಗಿದ್ದೆನಲ್ಲ.