ಬಿಸಿಲಿಗೆ ಹಿಡಿದ ಸ್ವೆಟರ್

ಎಡವಟ್ಟು ಶುರುವಾದದ್ದು ಶನಿವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಬಲ್ಲೆ, ಯಾಕೆಂದರೆ ಆಗ ನಾನು ಅಂಗಡಿಯ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಹೆಂಡತಿಯ ಜೊತೆ ಬಟ್ಟೆ ಅಂಗಡಿಗೆ ಹೋದ ಗಂಡಸು ಬೇರೇನು ನೋಡುತ್ತಾನೆ? ಅವಳು ಒಂದು ಸ್ವೆಟರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇದು ಕರೀದೋ ನೀಲೀದೋ ತಿಳೀವಲ್ದು. ನೀವು ಇಲ್ಲೇ ಕುಂತಿರ್ರಿ, ಬಿಸಿಲಿಗೆ ಹಿಡದು ನೋಡ್ಕೊಂಡು ಬರ್ತೇನಿ," ಅಂದಳು.

ನಾನು "ಹೂಂ" ಅಂದೆ. ಅದಾದ ಮೇಲೆ ಎಷ್ಟು ಸಲ ಆ ದೃಶ್ಯವನ್ನು ಮನಸ್ಸಿನಲ್ಲಿ ಮೊದಲಿನಿಂದ ಓಡಿಸಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ "ಬ್ಯಾಡ, ತಡಿ" ಅನ್ನಬೇಕೆಂದುಕೊಳ್ಳುತ್ತೇನೆ. ಬಾಯಿಂದ ಬರುವುದು ಮಾತ್ರ ಅದೇ "ಹೂಂ".

ನಾವಿಬ್ಬರೂ ಸಿದ್ದಿಗಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದು, ಉತ್ತರ ಕನ್ನಡದ ಕಾಡಂಚಿನಲ್ಲಿ ಗದ್ದೆ ಮಾಡಿಕೊಂಡು ಉಳಿದವರ ಮಕ್ಕಳು. ನನ್ನದು ಹಳಿಯಾಳ ತಾಲೂಕಿನ ಒಂದು ಹಳ್ಳಿ. ಅವಳು ಬೆಳೆದದ್ದು ದಾಂಡೇಲಿಯ ಅಂಬೇವಾಡಿಯಲ್ಲಿ. ಅವಳು ನರ್ಸ್. ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನ ವೃದ್ಧಾಶ್ರಮದಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಒಂದು ಎಂ.ಎ. ಪದವಿಯನ್ನೂ ಒಂದು ಪ್ರೆಷರ್ ಕುಕ್ಕರನ್ನೂ ಹೊತ್ತುಕೊಂಡು ನಾನು ಅವಳ ಹಿಂದೆ ಬಂದೆ. ಇಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕುಕ್ಕರ್. ಅವಳು ಈ ದೇಶದಲ್ಲಿ ಇರುವುದು ಆ ಕೆಲಸದ ವೀಸಾ ಮೇಲೆ. ನಾನು ಇರುವುದು ಅವಳ ಮೇಲೆ. ಅವಳ ಹೆಸರಿಗೆ ಒಂದು ಪೊಲೀಸ್ ಕೇಸು ಅಂಟಿತೆಂದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಇಬ್ಬರೂ ವಿಮಾನ ಹತ್ತಬೇಕು. ಇಲ್ಲಿಗೆ ಬರುವುದಕ್ಕೆ ಅವಳು ಇಂಗ್ಲಿಷ್ ಪರೀಕ್ಷೆಯನ್ನು ಎರಡು ಸಲ ಬರೆದಿದ್ದಳು.

ಸ್ವೆಟರಿನ ವಿಚಾರಕ್ಕೆ ಬರುತ್ತೇನೆ. ಊರು ಬಿಡುವ ಮುಂಚೆ ಮುಂಡಗೋಡದ ಟಿಬೆಟ್ ಕ್ಯಾಂಪಿಗೆ ಹೋಗಿ ಅವಳಿಗೆ ಒಳ್ಳೆಯ ಉಣ್ಣೆಯ ಸ್ವೆಟರ್ ಕೊಂಡಿದ್ದೆವು. ಕಡು ನೀಲಿ, ಎದೆಯ ಮೇಲೆ ಸಾಲಾಗಿ ಬಿಳಿ ಜಿಂಕೆಗಳು. ಮಾರಿದ ಹೆಂಗಸು ಅದನ್ನು ತಾನೇ ಅವಳಿಗೆ ತೊಡಿಸಿ, ಭುಜ ಸರಿಮಾಡಿ, ಸುತ್ತ ತಿರುಗಿಸಿ ನೋಡಿ, "ಇನ್ನ ಹಿಮಾಲಯಕ್ಕ ಕಳಸಿದ್ರೂ ಕಾಳಜಿ ಇಲ್ಲ," ಎಂದು ನನಗೆ ಭರವಸೆ ಕೊಟ್ಟಿದ್ದಳು. ವೃದ್ಧಾಶ್ರಮದ ಅಜ್ಜಿಯರಿಗೆ ಜಿಂಕೆಗಳು ಬಹಳ ಹಿಡಿಸಿದವು. ಒಬ್ಬಾಕೆಯಂತೂ ಔಷಧಿ ನುಂಗುವ ಮೊದಲು ದಿನವೂ ಅವನ್ನು ಎಣಿಸುತ್ತಿದ್ದಳಂತೆ. ಮೇಲ್ವಿಚಾರಕಿಗೆ ಹಿಡಿಸಲಿಲ್ಲ. ಸೋಮವಾರದಿಂದ ಸಾದಾ ಕಡು ನೀಲಿಯೇ ಆಗಬೇಕು, ಕರಿಯದು ಖಂಡಿತ ಬೇಡ ಎಂದಳು. ಇಲ್ಲಿ ಸಾವಿಗೆ ತೊಡುವುದು ಕರಿಯದು; ವೃದ್ಧಾಶ್ರಮಕ್ಕೆ ಕರಿಯ ಬಟ್ಟೆಯವರು ಬರುವ ಸಂದರ್ಭವೇ ಬೇರೆಯಲ್ಲವೇ?

ಹಾಗಾಗಿ ಬಣ್ಣದ ಪ್ರಶ್ನೆ ಹೆಂಗಸಿನ ಹುಚ್ಚಾಗಿರಲಿಲ್ಲ. ಹಳಿಯಾಳದಲ್ಲಾಗಿದ್ದರೆ ಅದು ಪ್ರಶ್ನೆಯೇ ಅಲ್ಲ. ಅಲ್ಲಿನ ನಮ್ಮ ಬಟ್ಟೆ ಅಂಗಡಿಯ ಸಾವ್ಕಾರರು ಬೆಳಗಿನ ಶಿವಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಬಿಳಿಯ ಗಾದಿಯ ಮೇಲೆ ಕೂತರೆಂದರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಚಪ್ಪಲಿ ಹೊರಗೆ ಬಿಟ್ಟು ನಾವೂ ಗಾದಿಯೇರಬೇಕು. ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡು ಬೀಳುತ್ತವೆ. ಬಣ್ಣದ ಬಗ್ಗೆ ಯಾರಾದರೂ ಹುಬ್ಬು ಗಂಟಿಕ್ಕಿದರೆ ಸಾವ್ಕಾರರೇ, "ಹೊರಗ ಬಿಸಿಲಿಗೆ ಹಿಡದು ನೋಡ್ರೆವ್ವಾ, ಲೈಟ್ ನಂಬಬ್ಯಾಡ್ರಿ," ಅನ್ನುತ್ತಾರೆ. ಹೆಂಗಸರು ಎರಡು ಮೂರು ಸೀರೆ ಎತ್ತಿಕೊಂಡು ಬೀದಿಗಿಳಿಯುತ್ತಾರೆ. ಗುಂಪಿನ ಒಬ್ಬರು ಮಾತ್ರ ಗಾದಿ ಬಿಟ್ಟು ಏಳುವಂತಿಲ್ಲ. ಬಾಯಿಬಿಟ್ಟು ಯಾರೂ ಹೇಳದ ಕರಾರು ಅದು: ಸೀರೆ ಹೊರಗಿದ್ದಷ್ಟು ಹೊತ್ತು ಒಬ್ಬರು ಒಳಗೆ.

ನಮ್ಮ ಮನೆಯಲ್ಲಿ ಆ ಜವಾಬ್ದಾರಿ ಅಪ್ಪನದು. ಅಕ್ಕನ ಮದುವೆಯ ಜವಳಿಗೆ ಹೋದಾಗ ಮಳೆಗಾಲ. ಬಿಸಿಲು ಅಂಗಡಿಯ ಮುಂದಿರಲಿಲ್ಲ, ಬಳೆ ಅಂಗಡಿಯ ಮುಂದೂ ಇರಲಿಲ್ಲ. ಅವ್ವ ಮತ್ತು ಚಿಗವ್ವ ಬಿಸಿಲು ಹುಡುಕುತ್ತ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅಲ್ಲಿ ಧಾರವಾಡ ಬಸ್ಸಿಗೆ ಕಾಯುತ್ತಿದ್ದವರ ಅಭಿಪ್ರಾಯ ಕೇಳಿ, ಹಾಗೇ ಬದನೆಕಾಯಿ ಕೊಂಡು ಬಂದರು. ಅಷ್ಟರಲ್ಲಿ ಅಪ್ಪನಿಗೆ ಮೂರು ಸಲ ಚಹಾ ಆಗಿತ್ತು. "ತಡಾ ಆತ್ರೀ ಸಾವ್ಕಾರ್ರ," ಎಂದು ಅಪ್ಪ ಸಂಕೋಚಪಟ್ಟರೆ ಸಾವ್ಕಾರರು, "ನೀವು ಕುಂತೀರಲ್ಲ, ನನಗೇನ್ ಕಾಳಜಿ? ಅವರು ಬರದಿದ್ರ ನಿಮ್ಮನ್ನ ಕಪಾಟಿನ್ಯಾಗ ಇಡ್ತೇನಿ," ಅಂದರು.

ಊರು ಬಿಟ್ಟ ಮೇಲೆ ನನಗೆ ನೆನಪಾಗುವುದು ಇಂಥವೇ. ಜೋಯಿಡಾದಲ್ಲಿ ಒಣಗಿದ ಮುರುಗಲು ಹುಳಿ ಮಾರುವ ಹೆಂಗಸಿಗೆ ನಾವು ಕೊಂಡದ್ದಕ್ಕಿಂತ ಕೊಸರಾಗಿ ಎಸೆದುಕೊಡುವ ಒಂದು ಹಿಡಿಯ ಮೇಲೇ ಹೆಚ್ಚು ಅಭಿಮಾನ. ಅಂಬೇವಾಡಿಯ ಕಿರಾಣಿ ಅಂಗಡಿಗೆ ನನ್ನ ಹೆಂಡತಿ ಚಿಕ್ಕವಳಿದ್ದಾಗ ಹೋಗಿ, "ಅವ್ವ ಅದನ್ನ ಕೊಡಾಕ ಹೇಳ್ಯಾಳ," ಅಂದರೆ ಅಂಗಡಿಯವರು ಅದನ್ನೇ ಕೊಡುತ್ತಿದ್ದರಂತೆ. ಇಲ್ಲಿ ನಾವೇ ಸಾಮಾನು ತೆಗೆದು, ನಾವೇ ಯಂತ್ರಕ್ಕೆ ತೋರಿಸಿ, ನಾವೇ ಚೀಲಕ್ಕೆ ಹಾಕಿದರೂ, ಚೀಲದಲ್ಲಿ ಏನೋ ಹೆಚ್ಚಿಗೆ ಇದೆ ಎಂದು ಯಂತ್ರ ಎಲ್ಲರೆದುರು ಗದರಿಸುತ್ತದೆ.

ಆ ಶನಿವಾರ ನನಗೆ ಕೂರಲು ಗಾದಿ ಸಿಗಲಿಲ್ಲ. ಬೀದಿಯ ಕಡೆಗಿದ್ದ ದೊಡ್ಡ ಗಾಜಿನ ಹಿಂದೆ ಬಟ್ಟೆ ತೊಡಿಸಿದ ಗೊಂಬೆಗಳನ್ನು ನಿಲ್ಲಿಸುವ ಕಟ್ಟೆಯಿತ್ತು. ಅದರ ಅಂಚಿನಲ್ಲಿ ಅಪ್ಪನ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತೆ. ನಾನು ಒಳಗಿದ್ದೇನೆ, ಆದ್ದರಿಂದ ಎಲ್ಲ ಸರಿಯಾಗಿದೆ ಎಂಬ ನೆಮ್ಮದಿ. ಒಬ್ಬ ಮುದುಕಿ ನನ್ನ ಜಾಕೆಟಿನ ತೋಳು ಹಿಡಿದು ಬೆಲೆಚೀಟಿ ಹುಡುಕಿದಳು. ನಾನು ಕೆಮ್ಮಿದಾಗ ಹೌಹಾರಿ ಹೋದಳು.

ಹೆಂಡತಿ ಬಾಗಿಲು ದಾಟಿದ್ದೇ ತಡ, ಅಲ್ಲಿನ ಕಳ್ಳರನ್ನು ಹಿಡಿಯುವ ಕಂಬ ಕಿರುಚತೊಡಗಿತು. ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಯಾರದೋ ಮಗು ಯಾವುದೋ ಗುಂಡಿ ಒತ್ತಿರಬೇಕು ಎಂದುಕೊಂಡೆನೆಂದು ಆಮೇಲೆ ಹೇಳಿದಳು. ಗಾಜಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಇಲ್ಲಿನ ಚಳಿಗಾಲದ ಸೂರ್ಯ ಆ ಹೊತ್ತಿಗೆ ಮನೆಗೆ ಹೊರಟಿರುತ್ತಾನೆ. ಅಂಗಡಿಯ ಮುಂದೆ ನೆರಳು, ಪಕ್ಕದಲ್ಲೂ ನೆರಳು. ರಸ್ತೆಯ ಆಚೆ, ಬಸ್ ನಿಲ್ದಾಣದ ಹತ್ತಿರ, ಒಂದು ಚಾಪೆಯಷ್ಟು ಬಿಸಿಲು ಬಿದ್ದಿತ್ತು. ಅವಳು ಎಡ ಬಲ ನೋಡಿ ರಸ್ತೆ ದಾಟಿದಳು. ಅಬ್ಬ, ಬಿಸಿಲು ಸಿಕ್ಕಿತಲ್ಲ ಎಂದು ನನಗೆ ಸಂತೋಷವೂ ಆಯಿತು.

ಆಗ ಅಂಗಡಿಯ ಗಾರ್ಡ್ ನನ್ನ ಮುಂದಿನಿಂದಲೇ ಓಡಿಹೋದ. ಎತ್ತರದ ಆಳು. ಅವನು ಯಾಕೆ ಓಡುತ್ತಿದ್ದಾನೆ ಎಂದು ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತು ಬೇಕಾಯಿತು. ಕಟ್ಟೆಯಿಂದ ಹಾರಿ ನಾನೂ ಓಡಿದೆ. ನನ್ನೆರಡೂ ಕೈಯಲ್ಲಿ ತರಕಾರಿಯ ಚೀಲ, ಹೆಗಲಲ್ಲಿ ಅವಳ ಬ್ಯಾಗು. ಸರಿಯಾಗಿ ಆ ಹೊತ್ತಿಗೆ ಬಸ್ಸು ಬಂದು ಅವಳ ಮುಂದೆಯೇ ನಿಂತು ಬಾಗಿಲು ತೆರೆಯಿತು. ಹಣ ಕೊಡದ ಮಾಲು ಕೈಯಲ್ಲಿ, ತೆರೆದ ಬಸ್ಸು ಎದುರಿಗೆ, ಚೀಲ ಹಿಡಿದ ಜೊತೆಗಾರ ಓಡಿಬರುತ್ತಿದ್ದಾನೆ. ನಾನೇ ದೂರದಿಂದ ನೋಡಿದ್ದರೂ ಪೊಲೀಸರಿಗೆ ಫೋನ್ ಮಾಡುತ್ತಿದ್ದೆ.

ಅವಳು ಬಸ್ಸು ಹತ್ತಲಿಲ್ಲ. ಸರದಿಯಲ್ಲಿದ್ದ ಇಬ್ಬರು ಹೆಂಗಸರಿಗೆ ಸ್ವೆಟರ್ ತೋರಿಸುತ್ತಿದ್ದಳು. ಗಾರ್ಡ್ ಏದುಸಿರು ಬಿಡುತ್ತ, "ಮೇಡಂ, ಆ ಸ್ವೆಟರ್," ಅಂದ. ಅವಳು ಅದರ ಒಂದು ತೋಳನ್ನು ಅವನ ಕೈಗೇ ಕೊಟ್ಟು, "ನೀವೇ ಹೇಳಿ, ಇದು ಕಪ್ಪೋ, ನೀಲಿಯೋ?" ಎಂದು ಕೇಳಿದಳು. ಪಾಪ, ಅವನು ಬಗ್ಗಿ ನೋಡಿಯೂ ಬಿಟ್ಟ.

ಅಷ್ಟರಲ್ಲಿ ನಾನು ತಲುಪಿದೆ. ಗಾರ್ಡ್ ನಮ್ಮಿಬ್ಬರ ಮುಖ ನೋಡಿ ದನಿ ತಗ್ಗಿಸಿದ. "ನಾನು ಘಾನಾದವನು. ನೀವು ಯಾವ ದೇಶ, ಬ್ರದರ್?"

"ಇಂಡಿಯಾ," ಅಂದೆ.

"ನಿಜ ಹೇಳಿದರೆ ನಿಮಗೇ ಒಳ್ಳೆಯದು."

"ಇಂಡಿಯಾನೇ. ಹಳಿಯಾಳ."

ಅವನ ಮುಖದ ಬಾಗಿಲು ಮುಚ್ಚಿಕೊಂಡಿತು. ಕದ್ದದ್ದು ಒಂದು, ಅದರ ಮೇಲೆ ಸುಳ್ಳು ಬೇರೆ ಎಂದುಕೊಂಡನೇನೋ. ಹೆಂಡತಿ ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಆಧಾರ್ ಕಾರ್ಡ್ ಐತೇನ್ರೀ ನಿಮ್ಮ ಕಡೆ?" ಅಂದಳು.

"ಇಂಗ್ಲೆಂಡಿನ್ಯಾಗ ಅದನ್ಯಾಕ ಹೊತ್ಕೊಂಡು ತಿರಗ್ಲಿ?"

"ನೋಡ್ರಿ, ಬೇಕಾದಾಗ ಒಂದೂ ಇರೂದಿಲ್ಲ."

ನಮ್ಮನ್ನು ಅಂಗಡಿಯ ಹಿಂದಿನ ಸಣ್ಣ ಕೋಣೆಗೆ ಕರೆದುಕೊಂಡು ಹೋದರು. ಮ್ಯಾನೇಜರ್ ಕನ್ನಡಕ ಹಾಕಿದ ಮಧ್ಯವಯಸ್ಸಿನ ಹೆಂಗಸು. ಹೆಂಡತಿ ನೆಟ್ಟಗೆ ಕೂತು ಗಾದಿ, ಸಾವ್ಕಾರರು, ಬಿಸಿಲು, ಒಳಗೆ ಕೂರುವ ಗಂಡಸು ಎಲ್ಲವನ್ನೂ ವಿವರಿಸಿದಳು.

"ಅಂದರೆ ನಿಮ್ಮ ಗಂಡನನ್ನು ಇಲ್ಲಿ ಒತ್ತೆ ಇಟ್ಟು ಹೋಗಿದ್ದಿರಿ?" ಎಂದು ಮ್ಯಾನೇಜರ್ ಕೇಳಿದಳು.

"ಹೌದು."

"ಒಂದು ಸ್ವೆಟರಿಗೆ?"

"ಊರಲ್ಲಿ ಇವರನ್ನು ಕೂರಿಸಿ ನಾಲ್ಕು ಸೀರೆ ಒಯ್ದಿದ್ದೇನೆ," ಅಂದಳು ನನ್ನ ಹೆಂಡತಿ, ನನ್ನ ಮಾನ ಕಾಪಾಡುವವಳಂತೆ.

ಮ್ಯಾನೇಜರಳ ತುಟಿಯ ಅಂಚು ಅಲುಗಿತು. ಆದರೆ ನಿಯಮ ನಿಯಮವೇ. ಕಂಬ ಕಿರುಚಿದ ಮೇಲೆ ಮೇಲಿನ ಕಚೇರಿಗೆ ತಿಳಿಸಲೇಬೇಕು. ಅವರು ಕ್ಯಾಮೆರಾ ನೋಡಿ, ಪೊಲೀಸರಿಗೆ ಹೇಳಬೇಕೋ ಬೇಡವೋ ತೀರ್ಮಾನಿಸುತ್ತಾರೆ. ಅಲ್ಲಿಯವರೆಗೆ ದಯವಿಟ್ಟು ಅಂಗಡಿಗೆ ಬರಬೇಡಿ ಎಂದಳು. ವಿಳಾಸ, ಫೋನ್ ನಂಬರ್ ಬರೆದುಕೊಂಡು ನಮ್ಮನ್ನು ಕಳಿಸಿದಳು.

ಮನೆಯ ದಾರಿಯಲ್ಲಿ ಹೆಂಡತಿ ನನ್ನ ಕೈಯ ಒಂದು ತರಕಾರಿ ಚೀಲ ಇಸಿದುಕೊಂಡಳು. ಆಮೇಲೆ, "ಕರೀದೇ ಇತ್ತು. ಛಲೋ ಆತು ನೋಡಿದ್ದು," ಅಂದಳು.

ಸೋಮವಾರ ಮೇಲ್ವಿಚಾರಕಿ ಕಪಾಟಿನಿಂದ ಯಾರೋ ಬಿಟ್ಟುಹೋದ ನೀಲಿ ಸ್ವೆಟರೊಂದನ್ನು ತೆಗೆದುಕೊಟ್ಟಳಂತೆ. ತೋಳು ಮೊಣಕೈ ದಾಟುತ್ತಿರಲಿಲ್ಲ. ಇಷ್ಟು ಸುಲಭವಾಗಿ ಮುಗಿಯುವುದಕ್ಕೆ ನಾವು ಅಷ್ಟೆಲ್ಲ ಪಾಡು ಪಡಬೇಕಾಯಿತು. ನನಗೆ ಮಾತ್ರ ನಿದ್ದೆ ಹಾರಿಹೋಯಿತು. ಕಣ್ಣು ಮುಚ್ಚಿದರೆ ಗಾರ್ಡ್ ಓಡುತ್ತಾನೆ. ಪ್ರತಿ ಸಲವೂ ಅವನ ವೇಗ ಹೆಚ್ಚುತ್ತದೆ, ಬಸ್ಸಿನ ಬಾಗಿಲು ಅವಳಿಗೆ ಹತ್ತಿರವಾಗುತ್ತದೆ. ಹಗಲಲ್ಲಿ ಬಾಗಿಲ ಗಂಟೆ ಹೊಡೆದರೆ ಪೊಲೀಸರೇ ಬಂದರು ಅನ್ನಿಸುತ್ತದೆ. ಒಂದು ದಿನ ಸಮವಸ್ತ್ರದವನೊಬ್ಬ ಬಂದು ನಿಂತ. ಅವನು ಬಾಯಿ ತೆರೆಯುವ ಮೊದಲೇ ನಾನು ಟ್ಯೂಬ್‌ಲೈಟು, ಬಿಸಿಲು, ಗಾದಿಯವರೆಗೆ ಒಂದೇ ಉಸಿರಿಗೆ ಹೇಳಿದೆ. ಅವನು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಗ್ಯಾಸ್ ಮೀಟರ್ ಎಲ್ಲಿದೆ ಎಂದು ವಿಚಾರಿಸಿದ. ಹೋಗುವಾಗ, "ಅದಕ್ಕೇ ನಾನು ಎಲ್ಲ ಬೂದಿ ಬಣ್ಣದ್ದೇ ಕೊಳ್ಳುತ್ತೇನೆ," ಅಂದ.

ಹೆಂಡತಿ ಮಾತ್ರ ತಲೆ ದಿಂಬಿಗೆ ತಾಗಿದೊಡನೆ ನಿದ್ದೆ ಹೋಗುತ್ತಿದ್ದಳು. ನನಗೆ ಸಿಟ್ಟೇ ಬರುತ್ತಿತ್ತು. ಒಂದು ಸಂಜೆ ಅವಳು ಡ್ಯೂಟಿಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಗ, "ನಿನಗ ಹೆದರಿಕಿನೇ ಇಲ್ಲೇನ?" ಎಂದು ಕೇಳಿದೆ.

"ಹೆದರಿ ಏನ್ಮಾಡೂದೈತಿ? ಕೆಲಸ ಹೋದ್ರ ಊರಿಗೆ ಹೋಗೂಣು. ನಿಮಗೇನ, ಯಾವ ಅಂಗಡ್ಯಾಗರ ಕುಂದರಾಕ ಬರತೈತಿ," ಅಂದಳು. ಆದರೆ ಇಸ್ತ್ರಿ ಪೆಟ್ಟಿಗೆ ಕಾಲರಿನ ಮೇಲೆ ಒಂದೇ ಕಡೆ ನಿಂತುಬಿಟ್ಟಿತ್ತು. ನಾನೇ ಅದನ್ನು ಎತ್ತಿದೆ. ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಬಸ್ಸಿಗೆ ಕಾಯುತ್ತಿದ್ದೆ. ಆ ಗಾರ್ಡ್ ನನ್ನ ಕಡೆಗೇ ಬರುತ್ತಿರುವುದು ಕಂಡಿತು. ಕಂಬದ ಹಿಂದೆ ನಿಂತೆ. ಕಂಬ ನನಗಿಂತ ತೆಳ್ಳಗಿತ್ತು.

"ಬ್ರದರ್, ಮುಗಿಯಿತು," ಅಂದ ಅವನು. "ಪೊಲೀಸ್ ಇಲ್ಲ, ಏನೂ ಇಲ್ಲ. ಮ್ಯಾನೇಜರ್ ಫೋನ್ ಮಾಡುತ್ತಾರೆ, ನಾನು ಮೊದಲೇ ಹೇಳಿಬಿಟ್ಟೆ."

ಮೇಲಿನ ಕಚೇರಿಯವರು ಬಸ್ ನಿಲ್ದಾಣದ ಕ್ಯಾಮೆರಾವನ್ನೂ ನೋಡಿದರಂತೆ. ಅದರಲ್ಲಿ ನನ್ನ ಹೆಂಡತಿ ಸ್ವೆಟರನ್ನು ಬಿಸಿಲಿಗೆ ಎತ್ತಿ ಹಿಡಿದದ್ದು, ಇಬ್ಬರು ಹೆಂಗಸರು ತಲೆಯಾಡಿಸಿದ್ದು, ಬಸ್ಸಿನ ಚಾಲಕ ಕಿಟಕಿಯಿಂದ ಕತ್ತು ಚಾಚಿ ತನ್ನ ಮಾತನ್ನೂ ಸೇರಿಸಿದ್ದು ಎಲ್ಲ ಸ್ಪಷ್ಟವಾಗಿತ್ತು. ಕದಿಯುವವರು ಊರಿಗೆಲ್ಲ ತೋರಿಸಿ ಕದಿಯುವುದಿಲ್ಲ ಎಂದು ಬಿಟ್ಟರಂತೆ. ಅದಕ್ಕಿಂತ ಹೆಚ್ಚಾಗಿ, ಚೀಟಿಯಲ್ಲಿ ನೀಲಿಯೆಂದು ಬರೆದ ಸ್ವೆಟರ್ ಕಪ್ಪಗೆ ಕಂಡದ್ದರಿಂದ ಆ ಇಡೀ ಗಂಟನ್ನೇ ವಾಪಸು ಕಳಿಸಿದರಂತೆ.

"ನನ್ನ ತಾಯಿಯೂ ಹಾಗೇ," ಅಂದ ಅವನು. "ಪೇಟೆಯಲ್ಲಿ ಬಟ್ಟೆಯನ್ನು ಬಿಸಿಲಿಗೆ ಹಿಡಿಯದೆ ಕೊಳ್ಳುತ್ತಿರಲಿಲ್ಲ. ನಿಮ್ಮ ಹೆಂಡತಿ ಆ ಬಿಸಿಲಿನ ಕಡೆ ಹೊರಟಾಗಲೇ ನನಗೆ ಗೊತ್ತಾಯಿತು."

"ಮತ್ತೆ ಓಡಿದ್ದು ಯಾಕೆ?"

"ಓಡುವುದು ನನ್ನ ಕೆಲಸ." ಹೋಗಲು ಹೊರಟವನು ತಿರುಗಿ, "ಆದರೆ ಆ ಇಂಡಿಯಾದ ಮಾತು ಮಾತ್ರ ನಾನು ಅವತ್ತು ನಂಬಲಿಲ್ಲ, ಆಮೇಲೆ ಫೋನಿನಲ್ಲಿ ಹುಡುಕಿ ನೋಡಿದೆ. ನೀವು ಮುತ್ತಜ್ಜನಿಂದ ಶುರುಮಾಡಬೇಕಿತ್ತು," ಅಂದ.

ಸಂಜೆ ಹೆಂಡತಿ ಬಂದಾಗ ಬಾಗಿಲಲ್ಲೇ ಎಲ್ಲ ಹೇಳಿದೆ. ಅವಳು, "ಆತು ಬಿಡ್ರಿ," ಅಂದು, ಬೂಟು ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಳು. ಚಹಾ ಕೊಟ್ಟೆ. ಬಸಿ ಕಪ್ಪಿಗೆ ತಾಗಿ ಟಣಟಣ ಅನ್ನತೊಡಗಿದಾಗ ಅವಳು ಅದನ್ನು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಳು. ಇಷ್ಟು ದಿನ ಇಬ್ಬರಲ್ಲಿ ಒಬ್ಬರಾದರೂ ಗಟ್ಟಿಯಾಗಿರಲಿ ಎಂದು ಅವಳು ಆ ಪಾಳಿಯನ್ನೂ ಮಾಡುತ್ತಿದ್ದಳು ಎಂದು ಆಗ ನನಗೆ ಹೊಳೆಯಿತು. ನಾನು ಪಕ್ಕದಲ್ಲಿ ಕೂತೆ. ಚಹಾ ಆರಿಹೋಯಿತು.

ಆ ಗುರುವಾರ ರಾತ್ರಿ ಮಲಗಿದವನಿಗೆ ಗಾರ್ಡ್ ಕಾಣಲಿಲ್ಲ, ಬಸ್ಸೂ ಬರಲಿಲ್ಲ. ಅವಳದು ಬೆಳಗಿನ ಪಾಳಿ. ಅಲಾರಂ ಹೊಡೆದಿರಬೇಕು, ಅವಳು ಎದ್ದು ಸ್ನಾನ ಮಾಡಿ ಬಾಗಿಲು ಎಳೆದುಕೊಂಡಿರಬೇಕು. ನನಗೆ ಎಚ್ಚರವಾದಾಗ ಶುಕ್ರವಾರ ಬಹಳ ಮುಂದೆ ಹೋಗಿತ್ತು, ಹಾಸಿಗೆಯ ಅವಳ ಕಡೆ ತಣ್ಣಗಾಗಿತ್ತು. ಅವಳು ಡ್ಯೂಟಿಗೆ ಹೋಗಿದ್ದಳು.